ಸ್ಟ್ಯಾಂಡ್ ಹಾಕಿದ ಮೇಲೆ ಒಂದು ಫೋಟೋ ಕಳಿಸು

ಪುಟ್ಟಿ,

ಟ್ರೇಲರ್ ಹೋದ ಮೇಲೆ ತುಂಬ ಹೊತ್ತು ಶೆಡ್ಡಿನಲ್ಲೇ ನಿಂತಿದ್ದೆ. ಕಾರಿದ್ದ ಜಾಗದಲ್ಲಿ ಈಗ ಎಣ್ಣೆ ಕಲೆ ಮಾತ್ರ ಇದೆ. ಭಾನುವಾರ ಆಡಿದ ಮಾತುಗಳನ್ನು ಮತ್ತೆ ಬರೆಯುವುದಿಲ್ಲ. ಇಬ್ಬರಿಗೂ ನೆನಪಿವೆ.

ಗೇರ್‌ಬಾಕ್ಸ್ ವಿಷಯದಲ್ಲಿ ನೀನು ಹೇಳಿದ್ದೇ ಸರಿ. 1965ರ ಎಂಜಿಬಿ ಕಾರಿನಲ್ಲಿ ಮೊದಲ ಗೇರಿಗೆ ಸಿಂಕ್ರೋಮೆಶ್ ಇಲ್ಲ, ಅಂದರೆ ಗೇರ್ ಕೂರುವ ಮುಂಚೆ ವೇಗ ಹೊಂದಿಸುವ ಭಾಗ ಇಲ್ಲ. ಗಾಡಿ ಪೂರ್ತಿ ನಿಲ್ಲುವ ಮುಂಚೆ ಹಾಕಿದರೆ ಕರಕರ ಅನ್ನುತ್ತೆ. ನಿಮ್ಮಜ್ಜನ ಪಕ್ಕದ ಸೀಟಿನಲ್ಲಿ ಆ ಸದ್ದು ಕೇಳುತ್ತಲೇ ಬೆಳೆದವಳು ನಾನು. ನೀನು ಐದು ಗೇರಿನ ಬಾಕ್ಸ್ ಹಾಕ್ತೀನಿ ಅಂದಾಗ ಅದಕ್ಕೇ ಅಷ್ಟು ಕೂಗಾಡಿದ್ದು. ತಪ್ಪಾಯ್ತು. ಹಳೇ ಬಾಕ್ಸನ್ನು ಮಾತ್ರ ಮಾರಬೇಡ.

ಈಗ ಹೇಳಬೇಕಾದದ್ದು ಬೇರೆ.

ನಿನಗೆ ಒಂಬತ್ತು ವರ್ಷ. ಮುಂದಿನ ಚಕ್ರ ಬಿಚ್ಚಿದ್ದೆ. ಎರಡೇ ನಿಮಿಷದ ಕೆಲಸ ಅಲ್ವಾ ಅಂತ ಜ್ಯಾಕ್ ಮೇಲೆ ಬಿಟ್ಟಿದ್ದೆ, ಸ್ಟ್ಯಾಂಡ್ ಇಟ್ಟಿರಲಿಲ್ಲ. ನೀನು ಅಡಿಯಲ್ಲಿ ಮಲಗಿ ಟಾರ್ಚ್ ಹಿಡಿದಿದ್ದೆ. ಸ್ಪ್ಯಾನರ್ ಕೇಳಿದೆ. ನೀನು ತಂದದ್ದು 7/16 ಇಂಚಿನದು, ಸಣ್ಣದಾಯ್ತು. ಅರ್ಧ ಇಂಚಿನದು ತರಲು ಮತ್ತೆ ಎದ್ದು ಹೋದೆ. ನೀನು ಪೆಟ್ಟಿಗೆ ಹುಡುಕುತ್ತಿದ್ದಾಗ ಜ್ಯಾಕ್ ಕುಸಿಯಿತು. ಬ್ರೇಕ್ ಡಿಸ್ಕ್ ನೆಲಕ್ಕೆ ಬಡಿಯಿತು. ಟಾರ್ಚ್ ಅಡಿಯಲ್ಲೇ ಇತ್ತು.

ನಾನೇ ಇಳಿಸಿದೆ ಅಂದೆ. ಚಕ್ರ ಇಲ್ಲದ ಕಾರನ್ನು ಯಾರಾದರೂ ಇಳಿಸ್ತಾರಾ? ನೀನು ನಂಬಿದೆ. ಟಾರ್ಚ್ ಯಾಕೆ ಒಡೆದಿದೆ ಅಂತ ಕೇಳಿದ್ದಕ್ಕೆ, ತುಳಿದುಬಿಟ್ಟೆ ಅಂದೆ. ಅದನ್ನೂ ನಂಬಿದೆ. ಮೊದಲ ಸಲವೇ ಸರಿಯಾದ ಸ್ಪ್ಯಾನರ್ ತಂದಿದ್ದರೆ? ಇಷ್ಟು ವರ್ಷ ಇದೊಂದೇ ಲೆಕ್ಕ ಹಾಕುತ್ತಿದ್ದೇನೆ. ನೀನು ಚುರುಕಿನ ಹುಡುಗಿ, ಸೈಜು ತಪ್ಪುತ್ತಿದ್ದುದೇ ಕಮ್ಮಿ. ಅವತ್ತು ತಪ್ಪಿದೆ.

ಹೈಡ್ರಾಲಿಕ್ ಜ್ಯಾಕ್ ಅಂದರೆ ಒಂದು ರಬ್ಬರ್ ಸೀಲು ಹಿಡಿದಿಟ್ಟ ಎಣ್ಣೆ, ಅಷ್ಟೇ. ಸೀಲು ಹೋದರೆ ಗಾಡಿ ಕೆಳಗೆ. ಎತ್ತುವುದಕ್ಕೆ ಜ್ಯಾಕ್, ನಿಲ್ಲಿಸುವುದಕ್ಕೆ ಸ್ಟ್ಯಾಂಡ್. ಸ್ಟ್ಯಾಂಡನ್ನು ಸಿಲ್ ಕೆಳಗೆ, ಅಂದರೆ ಬಾಗಿಲಿನಡಿಯ ಉದ್ದ ಪಟ್ಟಿಯ ಕೆಳಗೆ, ಇಡಬೇಡ. ಈ ಕಾರಿಗೆ ಬೇರೆ ಚಾಸಿ ಇಲ್ಲ, ಸಿಲ್ಲೇ ಬೆನ್ನುಮೂಳೆ. ಒಳಗೆ ತುಕ್ಕು ತಿಂದಿದ್ದರೆ ಸ್ಟ್ಯಾಂಡ್ ತೂರಿಕೊಂಡು ಹೋಗುತ್ತೆ. ಬಿಚ್ಚಿದ ಚಕ್ರವನ್ನು ಪಕ್ಕಕ್ಕೆ ಎಸೆಯಬೇಡ, ಕಾರಿನಡಿಗೆ ತಳ್ಳು. ಅಡಿಗೆ ಹೋಗುವ ಮುಂಚೆ ಕಾರನ್ನು ಜೋರಾಗಿ ಅಲ್ಲಾಡಿಸಿ ನೋಡು. ಬೀಳುವುದಿದ್ದರೆ ಆಗಲೇ ಬೀಳಲಿ.

ಗೇರ್‌ಬಾಕ್ಸಿಗಿಂತ ಮುಂಚೆ ಬ್ರೇಕ್ ಮಾಡು. 1965ರ ಈ ಕಾರಿನಲ್ಲಿ ಬ್ರೇಕ್ ಎಣ್ಣೆಗೆ ಒಂದೇ ಸರ್ಕ್ಯೂಟ್. ಒಂದು ಹೋಸ್ ಒಡೆದರೂ ನಾಲ್ಕೂ ಚಕ್ರದ ಬ್ರೇಕ್ ಹೋಯ್ತು. ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಹಾಕು, ಹೋಸ್ ಎಲ್ಲ ಹೊಸದು ಹಾಕು. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರುತ್ತವೆ. ಡೈನಮೋ ತೆಗೆದು ಆಲ್ಟರ್ನೇಟರ್ ಹಾಕುವಾಗ ಅರ್ತ್ ನೆಗೆಟಿವ್ ಮಾಡ್ತೀಯಲ್ಲ, ಅಂದರೆ ಬಾಡಿಗೆ ಬ್ಯಾಟರಿಯ ನೆಗೆಟಿವ್ ತುದಿ ಜೋಡಿಸ್ತೀಯಲ್ಲ, ಆಗ ಎಂಜಿನ್ ಸುತ್ತು ತೋರಿಸುವ ಟ್ಯಾಕೋಮೀಟರ್ ಮರೆಯಬೇಡ. ಅದರ ಒಳಗಿನ ವೈರೂ ಬದಲಾಗಬೇಕು. ಇದೆಲ್ಲ ನಿನಗೆ ಗೊತ್ತು. ಆದರೂ ಬರೆಯುತ್ತಿದ್ದೇನೆ.

ಪೆಟ್ರೋಲಿಗೆ ಗಾಳಿ ಬೆರೆಸುವ ಎರಡು ಎಸ್‌ಯು ಕಾರ್ಬುರೇಟರಿಗೆ ರಬ್ಬರ್ ಕೊಳವೆ ಇಟ್ಟು, ಕಿವಿಗೆ ಹಚ್ಚಿ, ಗಾಳಿ ಎಳೆಯುವ ಸದ್ದು ಎರಡರಲ್ಲೂ ಒಂದೇ ಆಗುವ ತನಕ ನೀನು ಸ್ಕ್ರೂ ತಿರುಗಿಸಿದ್ದು ನಿನ್ನ ಹದಿನಾರನೇ ವಯಸ್ಸಿನಲ್ಲಿ. ನನಗೆ ಅಷ್ಟು ಸಣ್ಣ ವ್ಯತ್ಯಾಸ ಇವತ್ತಿಗೂ ಕೇಳುವುದಿಲ್ಲ. ಅವತ್ತೇ ಹೇಳಬೇಕಿತ್ತು.

ಎಂಜಿನ್, ಗೇರ್‌ಬಾಕ್ಸ್ ಒಟ್ಟಿಗೇ ಎತ್ತಬೇಕು, ಅದು ಒಬ್ಬರ ಕೆಲಸ ಅಲ್ಲ. ಕರೆದರೆ ಬರ್ತೀನಿ. ಕರೆಯಲು ಮನಸ್ಸಿಲ್ಲದಿದ್ದರೆ ಬೇರೆ ಯಾರನ್ನಾದರೂ ಕರೆದುಕೋ.

ಸೀಟಿನ ಹಿಂದಿನ ಪೆಟ್ಟಿಗೆಯಲ್ಲಿ ನಾಲ್ಕು ಸ್ಟ್ಯಾಂಡ್ ಇಟ್ಟಿದ್ದೇನೆ. ಅರ್ಧ ಇಂಚಿನ ಸ್ಪ್ಯಾನರೂ ಇದೆ. ಕಾರು ಸ್ಟ್ಯಾಂಡ್ ಮೇಲೆ ಕೂತ ಮೇಲೆ ಒಂದು ಫೋಟೋ ಕಳಿಸು. ಮಾತಾಡದಿದ್ದರೂ ಪರವಾಗಿಲ್ಲ. ಅಡಿಗೆ ಹೋಗುವ ಮುಂಚೆ ಕಳಿಸು.

ಅಮ್ಮ