ಚಾರ್ಮಾಡಿಯಲ್ಲಿ ಸಿಕ್ಕ 108 ಆಂಬ್ಯುಲೆನ್ಸ್ ಅಣ್ಣನಿಗೆ

ಜುಲೈ ಮಳೆ. ಕೊಟ್ಟಿಗೆಹಾರ ದಾಟಿ ಘಾಟಿ ಇಳಿಯುವಾಗ ಬೈಕ್ ಜಾರಿ ತಮ್ಮನ ತೊಡೆ ಮೂಳೆ ಮುರಿಯಿತು. ತೊಯ್ದು ತೊಪ್ಪೆಯಾಗಿ ಗಡಗಡ ನಡುಗುತ್ತಿದ್ದ. ನನಗೆ ಕಾಲು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ನೀವು ರಕ್ತಕ್ಕೆ ಪಟ್ಟಿ ಬಿಗಿದವರೇ ಕತ್ತರಿ ತೆಗೆದು ಒದ್ದೆ ಬಟ್ಟೆ ಕತ್ತರಿಸಿದಿರಿ. ಮೈಯನ್ನು ಉಜ್ಜಲಿಲ್ಲ, ಮೆಲ್ಲಗೆ ಒತ್ತಿ ಒತ್ತಿ ಒರೆಸಿದಿರಿ. ಬೆನ್ನ ಕೆಳಗೂ ಕಂಬಳಿ, ತಲೆಗೆ ಟವೆಲ್. ಡ್ರೈವರ್‌ಗೆ ಕೂಗಿ ಎಸಿ ಆಫ್ ಮಾಡಿಸಿದಿರಿ.

"ಬಿಸಿ ಚಹಾ ಕುಡಿಸಲಾ?" ಅಂದೆ.

"ಬೇಡ ಅಕ್ಕ, ಆಪರೇಷನ್ ಆಗಬಹುದು, ಬಾಯಿಗೆ ಏನೂ ಕೊಡಬೇಡಿ. ಮೈ 35 ಡಿಗ್ರಿಗಿಂತ ಕೆಳಗಿಳಿದರೆ ಕಷ್ಟ, ರಕ್ತ ಸರಿಯಾಗಿ ಹೆಪ್ಪುಗಟ್ಟಲ್ಲ. ನಡುಗಲಿ ಬಿಡಿ. ಬೆಚ್ಚಗಾಗದೆ ಸುಮ್ನೆ ನಡುಕ ನಿಂತು ಮಾತು ತೊದಲಿದರೆ ಭಯ."

ಇಷ್ಟು ದಿನ ನಡುಕವೇ ಕೆಟ್ಟದ್ದು ಅಂದುಕೊಂಡಿದ್ದೆ, ನೋಡಿ!

ಪ್ರತಿ ತಿರುವಿನಲ್ಲೂ ಕಂಬಳಿ ಸರಿಯುತ್ತಿತ್ತು, ನೀವು ಎಳೆದು ಹೊದಿಸುತ್ತಿದ್ದಿರಿ. ಬಿಪಿ ನೋಡಲು ಒಂದು ಕೈ ಮಾತ್ರ ಹೊರಗೆ ತೆಗೆದು, ಮತ್ತೆ ಒಳಗೆ ಸೇರಿಸುತ್ತಿದ್ದಿರಿ. ಉಜಿರೆ ಹತ್ತಿರ ಬರುವಾಗ ಅವನೇ "ಚಳಿ ಕಮ್ಮಿಯಾಯ್ತು ಅಕ್ಕ" ಅಂದ. ಆಗ ನನಗೆ ಅಳು ಬಂತು.

ಹೆಸರು ಕೇಳುವಷ್ಟರಲ್ಲಿ ಇನ್ನೊಂದು ಕರೆ ಬಂದು ಹೊರಟೇಬಿಟ್ಟಿರಿ. ತಮ್ಮ ಈಗ ಊರುಗೋಲು ಹಿಡಿದು ಮನೆಯೆಲ್ಲ ಓಡಾಡುತ್ತಿದ್ದಾನೆ. ತುಂಬಾ ಥ್ಯಾಂಕ್ಸ್ ಅಣ್ಣ.