ಧೂಮಕೇತು ಅಂದಿದ್ದಕ್ಕೆ

ಮಂಡ್ಯ
ಭಾನುವಾರ ರಾತ್ರಿ

ಮಗಳೇ,

ಗದ್ದೆಯಿಂದ ಬರುವಷ್ಟರಲ್ಲಿ ನೀನು ಬೆಳಗಿನ ರೈಲು ಹತ್ತಿಯಾಗಿತ್ತು. ಸಂಬಂಧ ಬೇಡವೆಂದು ನೀನಂದದ್ದು, ನಿಮ್ಮಮ್ಮ ಅತ್ತದ್ದು, ನಾನು ತಟ್ಟೆ ತಳ್ಳಿ ಎದ್ದದ್ದು ಇಬ್ಬರಿಗೂ ಗೊತ್ತು, ಬಿಡು. ‘ಈ ಮನೆಗೆ ಧೂಮಕೇತು ಥರ ಹುಟ್ಟಿದೆ’ ಅಂದೆನಲ್ಲ, ಆ ಒಂದು ಮಾತಿಗೆ ಈ ಕಾಗದ.

ನೀನು ಹುಟ್ಟಿದ್ದು 1997ರ ಮಾರ್ಚ್‌ನಲ್ಲಿ. ಆಗ ಹೇಲ್-ಬಾಪ್ ಧೂಮಕೇತು ಬರಿಗಣ್ಣಿಗೇ ಕಾಣುತ್ತಿತ್ತು. ಆಸ್ಪತ್ರೆಗೆ ಬಂದ ಹಿರಿಯರೊಬ್ಬರು, ‘ಬಾಲಚುಕ್ಕಿ ಇರೋವಾಗ ಹೆಣ್ಣು ಹುಟ್ಟಿದೆ, ಶಾಂತಿ ಮಾಡಿಸಪ್ಪ’ ಅಂದರು. ಅವರ ಮೇಲೆ ನಾನು ಹಾರಾಡಿದ್ದು ಇಡೀ ವಾರ್ಡಿಗೆ ಕೇಳಿತು.

ಯುಗಾದಿ ಹಿಂದಿನ ಅಮಾವಾಸ್ಯೆ ದಿನ, ನಿನಗಿನ್ನೂ ಮೂರು ವಾರ. ಮುಸ್ಸಂಜೇಲಿ ಹಸುಗೂಸನ್ನು ಹೊರಗೆ ತರಬೇಡ ಅಂತ ನಿಮ್ಮಜ್ಜಿ ಬಾಗಿಲಿಗೆ ಅಡ್ಡ ನಿಂತರು. ನಾನು ಕೇಳಲಿಲ್ಲ. ಟವೆಲಿನಲ್ಲಿ ಸುತ್ತಿ ವಿ.ಸಿ. ನಾಲೆ ಏರಿ ಮೇಲೆ ಎತ್ತಿಕೊಂಡು ಹೋದೆ. ಕಬ್ಬಿನ ಗದ್ದೆ ಆಚೆ, ವಾಯವ್ಯದಲ್ಲಿ ನಿಂತಿತ್ತು. ಧೂಳಿನ ಬಾಲ ಬೆಳ್ಳಗೆ, ಅನಿಲದ್ದು ತೆಳು ನೀಲಿ. ‘ನೋಡವ್ವ, ಇದು ಹಿಂದಿನ ಸಲ ಬಂದು ನಾಲ್ಕು ಸಾವಿರ ವರ್ಷವಾಯ್ತು’ ಅಂದೆ. ನೀನು ಟವೆಲಿನ ಅಂಚು ಚೀಪುತ್ತಾ ನಿದ್ದೆ ಹೋಗಿದ್ದೆ. ಸೊಳ್ಳೆ ಕಚ್ಚೀತೆಂದು ಕೈ ಬೀಸುತ್ತಾ, ಅದು ಮುಳುಗುವ ತನಕ ನಿಂತೆ. ಕೈ ಜೋಮು ಹಿಡಿದಿತ್ತು. ಅದೇ ಬಾಯಲ್ಲಿ ನಿನ್ನೆ ಆ ಮಾತು ಹೇಗೆ ಬಂತೋ. ರಾತ್ರಿಯಿಂದ ಆ ಏರಿ ಮೇಲೇ ನಿಂತಿದ್ದೇನೆ ಅಂದುಕೋ.

ಮೂವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದವನು ನಾನು. 1910ರಲ್ಲಿ ಹ್ಯಾಲಿ ಧೂಮಕೇತುವಿನ ಬಾಲದಲ್ಲಿ ವಿಷಾನಿಲ ಇದೆ ಅಂತ ಹೆದರಿ ಅಮೆರಿಕದವರು ಬಾಗಿಲ ಸಂದು ಮುಚ್ಚಿಕೊಂಡರು, ಧೂಮಕೇತು ಮಾತ್ರೆ ಕೊಂಡು ನುಂಗಿದರು ಅಂದರೆ ಕ್ಲಾಸೆಲ್ಲ ನಗೋದು. ಅದಕ್ಕೆ ಹೆಸರು ಕೊಟ್ಟ ಖಗೋಳಜ್ಞ ಹ್ಯಾಲಿ ನೋಡು, 1531, 1607, 1682ರಲ್ಲಿ ಬಂದದ್ದು ಒಂದೇ ಧೂಮಕೇತು, 1758ಕ್ಕೆ ಮತ್ತೆ ಬರುತ್ತೆ ಅಂತ ಲೆಕ್ಕ ಹಾಕಿಟ್ಟು 1742ರಲ್ಲೇ ತೀರಿಕೊಂಡ. ಅವನ ಮಾತಿನಂತೆ 1758ರ ಕ್ರಿಸ್‌ಮಸ್ ರಾತ್ರಿ ಅದು ಕಂಡಿತು. ನೀನೂ ಹಾಗೇ ಲೆಕ್ಕ ಇಟ್ಟು ಬದುಕಬೇಕು. ಸಂಬಳ ಬಂದ ದಿನವೇ ಒಂದಿಷ್ಟು ಎತ್ತಿಡು, ರಾತ್ರಿ ಹನ್ನೊಂದಕ್ಕೆ ಊಟ ಮಾಡಬೇಡ, ಒಬ್ಬಳೇ ಇರುವವಳು ಬಾಗಿಲ ಚಿಲಕ ಎರಡು ಸಲ ನೋಡು. ಮತ್ತೆ ಮೇಷ್ಟ್ರಾದೆ, ಇರಲಿ.

2024ರ ಅಕ್ಟೋಬರಿನಲ್ಲಿ ನಸುಕಿಗೆದ್ದು ಬೆಂಗಳೂರಿನ ತಾರಸಿಯಿಂದ ಸುಚಿನ್‌ಶಾನ್-ಅಟ್ಲಾಸ್ ಧೂಮಕೇತುವಿನ ಫೋಟೊ ತೆಗೆದು ಕಳಿಸಿದ್ದೆಯಲ್ಲ. ಸ್ಟಾಫ್ ರೂಮಿನಲ್ಲಿ ಜವಾನನಿಗೂ ಬಿಡದೆ ತೋರಿಸಿದೆ. ನಿನಗೆ ಮಾತ್ರ ‘ಫೋಕಸ್ ಸರಿಯಿಲ್ಲ’ ಅಂತ ಬರೆದೆ. ಫೋಕಸ್ ಸರಿಯಾಗೇ ಇತ್ತು.

ತಪ್ಪಾಯ್ತು ಕಣಮ್ಮ. ಆ ಹುಡುಗ ಒಳ್ಳೆಯವನು ಅಂತ ಈಗಲೂ ನನ್ನ ಅಭಿಪ್ರಾಯ, ಆದರೂ ಗಂಡಿನ ಮನೆಯವರಿಗೆ ಮಧ್ಯಾಹ್ನವೇ ಫೋನ್ ಮಾಡಿ ಬೇಡ ಅಂದೆ. ಅವರು ಏನಂದರು ಅಂತ ನಿಮ್ಮಮ್ಮನನ್ನು ಕೇಳಬೇಡ, ಅವಳಿಗೆ ಹೇಳಿಲ್ಲ.

ಚಟ್ನಿಪುಡಿ ಡಬ್ಬ ಮೇಜಿನ ಮೇಲೇ ಬಿಟ್ಟು ಹೋಗಿದ್ದೀಯ. ಶನಿವಾರ ನಾನೇ ತರಲೋ, ಪಾರ್ಸೆಲ್ ಹಾಕಲೋ?

ಅಪ್ಪ