ನಮ್ಮ ಗಣಿತ ವಿಭಾಗಕ್ಕೆ ಬಂದ ಹೊಸಬರು

ಪ್ರಿಯ ಗೆಳೆಯಾ,

ಹಿರಿಯರೆಲ್ಲ ರಿಟೈರ್ ಆದ ಮೇಲೆ ನಮ್ಮ ವಿಭಾಗದಲ್ಲಿ ಯಾರಿದ್ದಾರೆ ಅಂತ ಕೇಳಿದ್ದೆ ಅಲ್ವಾ? ಹೇಳುತ್ತೇನೆ ಕೇಳು. ಈ ಪತ್ರ ನಾಲ್ಕು ಜನ ಓದುವಂಥದ್ದು, ಹಾಗಾಗಿ ಹೆಸರು ಬರೆಯುವುದಿಲ್ಲ.

ತೃಶ್ಶೂರು ಕಡೆಯ ಒಬ್ಬರು ಟೀಚರ್ ಪಿಎಸ್‌ಸಿ (ಕೇರಳದ ಸರ್ಕಾರಿ ನೇಮಕಾತಿ ಆಯೋಗ) ಮೂಲಕ ಬಂದಿದ್ದಾರೆ. ಅಷ್ಟು ದೂರದವರು ಕಾಸರಗೋಡಿನಲ್ಲಿ ಎಷ್ಟು ದಿನ ನಿಲ್ಲುತ್ತಾರೆ ಅಂತ ಸ್ಟಾಫ್ ರೂಮಿನಲ್ಲಿ ಮಾತಿತ್ತು. ಅವರ ಪಾಠ ನೋಡಬೇಕು ಮಾರಾಯ! ಮೊನ್ನೆ ಲ್ಯಾಬಿನಲ್ಲಿ ನಾನೂ ಹೋಗಿ ಕೂತೆ. 14ನೇ ಶತಮಾನದ ಕೇರಳದ ಗಣಿತಜ್ಞ ಸಂಗಮಗ್ರಾಮದ ಮಾಧವನ ಶ್ರೇಣಿ ಎತ್ತಿಕೊಂಡಿದ್ದರು. ಒಂದರಲ್ಲಿ ಮೂರನೇ ಒಂದು ಕಳೆ, ಐದನೇ ಒಂದು ಕೂಡು, ಏಳನೇ ಒಂದು ಕಳೆ, ಹೀಗೇ ಹೋಗಿ ಕೊನೆಗೆ ನಾಲ್ಕರಿಂದ ಗುಣಿಸಿದರೆ ಪೈ. ಮಕ್ಕಳು ಪೈಥಾನ್‌ನಲ್ಲಿ ನಾಲ್ಕೈದು ಸಾಲು ಬರೆದು ಶ್ರೇಣಿಯ ಮೊದಲ 1000 ಪದ ಕೂಡಿಸಿದರು. ಬಂದದ್ದು 3.140592653. ಪೈ 3.141592653 ತಾನೇ? ಮೂರನೇ ದಶಮಾಂಶ ಮಾತ್ರ ತಪ್ಪು, ಅದರಾಚೆ ಅಷ್ಟೂ ಸರಿ! ಒಬ್ಬ ಹುಡುಗ ಪ್ರೋಗ್ರಾಂ ತಪ್ಪಾಯಿತು ಅಂತ ಮತ್ತೆ ಟೈಪ್ ಮಾಡತೊಡಗಿದ. ಟೀಚರ್ ತಡೆದರು. ಸಾವಿರ ಪದಕ್ಕೆ ನಿಲ್ಲಿಸಿದರೆ ಹೆಚ್ಚುಕಡಿಮೆ ಸಾವಿರದಲ್ಲೊಂದು ಪಾಲು ಕಡಿಮೆ ಬೀಳುತ್ತದೆ, ಅದನ್ನು ಸೇರಿಸಿ ನೋಡು ಅಂದರು. ಸೇರಿಸಿದ. ಒಂಬತ್ತು ದಶಮಾಂಶ ಸರಿಯಾಯಿತು. ಈ ತಿದ್ದುಪಡಿಯೂ ಮಾಧವನ ಶಿಷ್ಯ ಪರಂಪರೆಯವರಿಗೆ ಗೊತ್ತಿತ್ತು. ಗಣಿತವೂ ಕಂಪ್ಯೂಟರೂ ಒಂದೇ ಬೆಂಚಿನಲ್ಲಿ ಕೂತದ್ದನ್ನು ನಾನು ಇಷ್ಟು ಚೆನ್ನಾಗಿ ಬೇರೆಲ್ಲೂ ಕಂಡಿಲ್ಲ.

ಇನ್ನೊಬ್ಬಳು ನಮ್ಮ ಬದಿಯಡ್ಕ ಕಡೆಯ ಹುಡುಗಿ. ನನಗೆ ಜಾಸ್ತಿ ಖುಷಿ ಇವಳು ಬಂದದ್ದಕ್ಕೆ. ಹತ್ತನೆಯವರೆಗೆ ಕನ್ನಡ ಮೀಡಿಯಂ, ನಿನ್ನ ಹಾಗೆ. ಪ್ಲಸ್ ಟುಗೆ ಹೋದ ಕೂಡಲೇ ಪುಸ್ತಕ ಇಂಗ್ಲಿಷ್, ಕ್ಲಾಸಿನ ಮಾತು ಮಲಯಾಳ. ನಮ್ಮ ಮಕ್ಕಳು ಬಾಯಿ ಮುಚ್ಚಿ ಕೂರುವುದು ಆಗಿನಿಂದಲೇ ಶುರು. ಅದು ಅವಳಿಗೆ ಗೊತ್ತು. ಗ್ರಾಫ್ ಥಿಯರಿಗೆ (ಚುಕ್ಕಿ, ಅವನ್ನು ಜೋಡಿಸುವ ಗೆರೆಗಳ ಗಣಿತ) ಅವಳು ಬೋರ್ಡಿನಲ್ಲಿ ಹಾಕಿದ್ದು ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಚೆರ್ಕಳದ ರಸ್ತೆಗಳನ್ನು. ಒಂದು ರಸ್ತೆಯಲ್ಲಿ ಎರಡು ಸಲ ಹೋಗದೆ ಎಲ್ಲವನ್ನೂ ಸುತ್ತಿ ಮುಗಿಸಬಹುದಾ ಅಂತ ಕನ್ನಡದಲ್ಲೇ ಕೇಳಿದಳು. ಹಿಂದಿನ ಬೆಂಚಿನಿಂದ ಉತ್ತರ ಬಂತು: ಬದಿಯಡ್ಕದಲ್ಲಿ ಹೊರಟು ಚೆರ್ಕಳದಲ್ಲಿ ಮುಗಿಸಬೇಕು! ಅವಳ ಚಿತ್ರದಲ್ಲಿ ಮೂರು ರಸ್ತೆ, ಅಂದರೆ ಬೆಸಸಂಖ್ಯೆಯ ರಸ್ತೆ ಕೂಡುವುದು ಅವೆರಡರಲ್ಲೇ. ಗಣಿತಜ್ಞ ಆಯ್ಲರ್ 1736ರಲ್ಲಿ ಕೋನಿಗ್ಸ್‌ಬರ್ಗಿನ ಸೇತುವೆಗಳಿಗೆ ಹಾಕಿದ ಲೆಕ್ಕವೂ ಇದೇ ಅಂತ ಆಮೇಲೆ ಹೇಳಿದಳು.

ಕಂಪ್ಯೂಟರ್ ಕಲಿಸಲು ಬಂದ ಹುಡುಗ ಮಾತು ಕಡಿಮೆ. ಲ್ಯಾಬಿನ ಹಳೇ ಮೆಷಿನ್‌ಗಳಿಗೆಲ್ಲ ಲಿನಕ್ಸ್ ಹಾಕಿ ಓಡುವಂತೆ ಮಾಡಿದ್ದಾನೆ.

ಬೇಜಾರಿನ ವಿಷಯ ಒಂದೇ. ಬದಿಯಡ್ಕದವಳು ಗೆಸ್ಟ್ ಟೀಚರ್. ಆ ಕೆಲಸ ಒಂದು ವರ್ಷದ್ದು, ಮುಂದಿನ ವರ್ಷಕ್ಕೆ ಮತ್ತೆ ಇಂಟರ್‌ವ್ಯೂ. ಕನ್ನಡ ಬಲ್ಲ ಗಣಿತದ ಟೀಚರ್ ಇಲ್ಲಿಗೆ ಕಾಯಂ ಬೇಕು ಅಂತ ನಾವು ಕೆಲವರು ಅರ್ಜಿ ಬರೆಯುತ್ತಿದ್ದೇವೆ. ನೀನೂ ಹಳೇ ವಿದ್ಯಾರ್ಥಿಯಾಗಿ ಸಹಿ ಹಾಕು. ಬೆಂಗಳೂರಲ್ಲಿರುವ ನಮ್ಮ ಬ್ಯಾಚಿನವರಿಗೂ ಹೇಳು.

ನಿನ್ನ ಗೆಳೆಯ